ಆಷಾಢದಲ್ಲೊಂದು ನಿವೃತ್ತಿ ಊಟ

ನಿವೃತ್ತಿಗೆ ಎರಡು ತಿಂಗಳಿದೆ ಅನ್ನುವಾಗ ಸರ್ಕಾರಿ ನೌಕರರಷ್ಟು ಸಿರಿವಂತರು ಊರಲ್ಲಿ ಇನ್ನೊಬ್ಬರಿಲ್ಲ. ಗ್ರಾಚ್ಯುಟಿ, ಜಿಪಿಎಫ್, ರಜೆ ನಗದೀಕರಣ, ಕಮ್ಯುಟೇಷನ್ ಎಲ್ಲವನ್ನೂ ನೆಂಟರು ಬಾಯಲ್ಲೇ ಕೂಡಿಸಿ ಮೊತ್ತ ಹೇಳಿಬಿಡುತ್ತಾರೆ. ಆ ಮೊತ್ತಕ್ಕೆ ತಕ್ಕ ಊಟ ಹಾಕಿಸಬೇಕು ಅನ್ನುವುದು ಮುಂದಿನ ಮಾತು. ಆದರೆ ಬೀಳ್ಕೊಡುಗೆಯ ದಿನ ಆ ದುಡ್ಡು ಕೈಯಲ್ಲಿ ಇರುವುದಿಲ್ಲ. ಕಡತ ಮಹಾಲೇಖಪಾಲರ ಕಚೇರಿಗೆ ಹೋಗಿ ಖಜಾನೆಗೆ ಬರಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಊಟ ಕೈಸಾಲದಲ್ಲಿ ಆಗುತ್ತದೆ, ಗ್ರಾಚ್ಯುಟಿ ಬಂದಾಗ ಮೊದಲ ಪಾಲು ಸಾಲ ಕೊಟ್ಟವರಿಗೆ ಹೋಗುತ್ತದೆ.

ತಿಪಟೂರು ತಾಲ್ಲೂಕಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದ ಅಕ್ಕ ನಿವೃತ್ತಿಯಾದಾಗ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ಭಾವ ಮೊದಲು ಹೇಳಿದ್ದು 400 ಜನ. ಕೇಟರಿಂಗ್‌ನವರು ಒಂದು ಎಲೆಗೆ 280 ರೂಪಾಯಿ ಅಂದರು, ಊಟಕ್ಕೇ 1,12,000. ಛತ್ರದ ಬಾಡಿಗೆ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ.

ನಾನು ಗ್ರಾಚ್ಯುಟಿಯ ಹಾಳೆ ಪಕ್ಕಕ್ಕಿಟ್ಟು ಪಿಂಚಣಿಯದನ್ನು ತೆಗೆದೆ. 2006ರ ಏಪ್ರಿಲ್‌ಗೆ ಮೊದಲೇ ಸೇರಿದ್ದರಿಂದ ಅಕ್ಕನಿಗೆ ಹಳೆಯ ಪಿಂಚಣಿ. ಕೊನೆಯ ಮೂಲ ವೇತನ 72,000, ಅದರ ಅರ್ಧ 36,000. ಮೂರನೇ ಒಂದು ಭಾಗ ಕಮ್ಯೂಟ್ ಮಾಡಿದರೆ 15 ವರ್ಷ ತಿಂಗಳಿಗೆ 12,000 ಕಡಿತ. ಉಳಿಯುವುದು 24,000, ಜೊತೆಗೆ ತುಟ್ಟಿಭತ್ಯೆ. "ಅಕ್ಕಾ, ಖರ್ಚು ಈ ಇಪ್ಪತ್ನಾಲ್ಕು ದಾಟಬಾರದು" ಅಂದೆ. ಒಂದು ತಿಂಗಳ ಪಿಂಚಣಿಗಿಂತ ದೊಡ್ಡ ಊಟ ಬೇಡ ಅನ್ನುವುದು ನಾನು ಹಾಕಿಕೊಂಡ ಮಿತಿ. ಗ್ರಾಚ್ಯುಟಿ ಒಮ್ಮೆ ಬರುತ್ತದೆ, ಮನೆ ನಡೆಯುವುದು ಪಿಂಚಣಿಯಲ್ಲಿ.

ಖರ್ಚಿನ ಹಿಡಿತ ಇರುವುದು ಹೆಸರುಗಳ ಪಟ್ಟಿಯಲ್ಲಿ. ಭಾವ ಮದುವೆಗೆ ಕರೆದವರ ಹಳೆಯ ಪಟ್ಟಿಯನ್ನೇ ಮುಂದಿಟ್ಟುಕೊಂಡಿದ್ದರು. ಮುಯ್ಯಿ ಲೆಕ್ಕಕ್ಕೆ ಸೇರಿದ್ದ ಹೆಸರೆಲ್ಲ ಹೊಡೆದೆವು. ಅಕ್ಕನ ಜೊತೆ ಪಾಠ ಮಾಡಿದವರು, ಬಿಸಿಯೂಟದ ಅಡುಗೆಯವರು, ಎಸ್‌ಡಿಎಂಸಿ ಸದಸ್ಯರು, ಕೈಗೆ ಸಿಕ್ಕ ಹಳೆಯ ವಿದ್ಯಾರ್ಥಿಗಳು, ಹತ್ತಿರದ ನೆಂಟರು: 100 ಜನ. ಪೇಟ, ಶಾಲು, ಹಾರ, ಸ್ಮರಣಿಕೆ ಮನೆಯ ಖರ್ಚೇ ಅಲ್ಲ. ಅದು ಶಿಕ್ಷಕರ ಸಂಘದ್ದು. ಊಟ ಮಾತ್ರ ನಮ್ಮದು.

ಇನ್ನೊಂದು ಹಿಡಿತ ದಿನಾಂಕದ್ದು. ನಮ್ಮ ಕಡೆ ಅನೇಕ ಮೇಷ್ಟ್ರುಗಳ ದಾಖಲೆಯ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಬರೆದದ್ದು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವ ನಿಯಮವಿದೆ. ಅಕ್ಕನೂ ಅವರಲ್ಲೊಬ್ಬಳು. ಮೇ 31ರ ಆಸುಪಾಸು ತಾಲ್ಲೂಕಿನ ತುಂಬ ಬೀಳ್ಕೊಡುಗೆ, ಅದರ ಮೇಲೆ ಮದುವೆಯ ಕಾಲ. ಭಟ್ಟರೂ ಸಿಗುವುದಿಲ್ಲ, ಬಾಡಿಗೆಯೂ ಇಳಿಯುವುದಿಲ್ಲ. ಶಾಲೆಯ ಕಾರ್ಯಕ್ರಮ ಅಂದೇ ಮುಗಿಸಿ, ಮನೆಯ ಊಟವನ್ನು ಆಷಾಢದ ಭಾನುವಾರಕ್ಕೆ ಹಾಕೋಣ ಅಂದೆ.

"ಆಷಾಢದಲ್ಲಾ? ಜನ ಏನಂತಾರೆ?" ಅಂದಳು ಅಕ್ಕ.

"ನಿವೃತ್ತಿಗೆ ಮುಹೂರ್ತ ಇಟ್ಟಿದ್ದು ಸರ್ಕಾರ, ಪುರೋಹಿತರಲ್ಲ" ಅಂದೆ. ನಕ್ಕು ಒಪ್ಪಿದಳು. ಮದುವೆಗಳಿಲ್ಲದ ತಿಂಗಳಲ್ಲಿ ಸಮುದಾಯ ಭವನ 5,000ಕ್ಕೆ ಸಿಕ್ಕಿತು. ಕೆಲಸವಿಲ್ಲದೆ ಕೂತಿದ್ದ ಭಟ್ಟರು ಕೂಲಿಯಲ್ಲಿ ಚೌಕಾಸಿ ಮಾಡಲಿಲ್ಲ.

ದಿನಸಿ ನಾವೇ ತಂದೆವು. ಬಿಸಿಬೇಳೆಬಾತ್, ಕೋಸಂಬರಿ, ಬೋಂಡಾ, ಮೊಸರನ್ನ, ಒಂದೇ ಸಿಹಿ. ಕಾಯಿ ತೋಟದ್ದು. ಭಟ್ಟರ ಕೂಲಿಯೂ ಸೇರಿ ಎಲೆಗೆ 145ರಂತೆ 14,500. ಮೈಕಿಗೆ 1,500, ಹೂವು, ಎಲೆ-ಅಡಿಕೆಗೆ 2,000. ಆಹ್ವಾನ ವಾಟ್ಸ್‌ಆ್ಯಪ್‌ನಲ್ಲಿ, ಹಿರಿಯರಿಗೆ ಫೋನಿನಲ್ಲಿ. ಒಟ್ಟು 23,000. ಎರಡು ಸಿಹಿ, ಐಸ್‌ಕ್ರೀಂ ಇಲ್ಲವೆಂದು ಗೊಣಗಿದವರು ಇದ್ದರು. ಆದರೆ ಅವರೂ ಬಾತನ್ನು ಎರಡನೇ ಸಲ ಹಾಕಿಸಿಕೊಂಡರು.

ಮೊದಲ ಅಂದಾಜಿಗೆ ಹೋಲಿಸಿದರೆ ಲಕ್ಷಕ್ಕೆ ಕಡಿಮೆಯಿಲ್ಲದೆ ಉಳಿಯಿತು. ದುಡ್ಡು ಕೈಗೆ ಬಂದ ಮೇಲೆ ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಸಿದೆ. 60 ತುಂಬಿದವರು ಅದರಲ್ಲಿ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು, ಖಾತೆ ತೆರೆದ ದಿನದ ದರವೇ ಐದು ವರ್ಷ ನಿಲ್ಲುತ್ತದೆ. ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 2,050 ರೂಪಾಯಿ. ಈ ಬಡ್ಡಿಗೆ ತೆರಿಗೆ ಅನ್ವಯ ಎಂಬುದು ಮಾತ್ರ ನೆನಪಿರಲಿ.

ನಿಮ್ಮ ಮನೆಯಲ್ಲೂ ಯಾರಾದರೂ ನಿವೃತ್ತರಾಗುತ್ತಿದ್ದರೆ, ಛತ್ರಕ್ಕೆ ಮುಂಗಡ ಕೊಡುವ ಮೊದಲು ಪಿಂಚಣಿ ಎಷ್ಟು ಬರುತ್ತದೆ ಎಂದು ಬರೆದುಕೊಳ್ಳಿ. ಎಷ್ಟು ಜನರನ್ನು ಕರೆಯಬೇಕು ಅನ್ನುವುದನ್ನು ಆ ಅಂಕಿಯೇ ಹೇಳುತ್ತದೆ.