ಗಡಿಯಾರವನ್ನು ಯಾವಾಗ ನಿಲ್ಲಿಸಬೇಕು?

ಒಣಗಿದ ಅಡಿಕೆ ಸುಲಿಯಲು ಒಬ್ಬನ ಬದಲು ಐದು ಮಂದಿ ಕುಳಿತರೆ ಕೆಲಸ ಬೇಗ ಮುಗಿಯುತ್ತದೆಂಬುದನ್ನು ಕಾಸರಗೋಡಿನ ಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ದೊಡ್ಡ ಲೆಕ್ಕವೊಂದನ್ನು ಗಣಕಯಂತ್ರವು ಹೀಗೆ ಹಂಚಿಕೊಂಡು ಏಕಕಾಲದಲ್ಲಿ ಮಾಡುವಂತೆ ಬರೆದ ಪ್ರೋಗ್ರಾಮಿಗೆ ಸಮಾಂತರ ಪ್ರೋಗ್ರಾಂ ಎನ್ನುತ್ತಾರೆ.

ವೇಗವರ್ಧಕವೆಂದರೆ ಅಡಿಕೆ ಸುಲಿಯುವ ಯಂತ್ರವಿದ್ದಂತೆ. ಅದಕ್ಕೆ ಬರುವುದು ಒಂದೇ ಬಗೆಯ ಕೆಲಸ, ಆದರೆ ಅದನ್ನು ಬಲುಬೇಗ ಮಾಡುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸಲೆಂದು ಹುಟ್ಟಿದ ಜಿ.ಪಿ.ಯು. ಇಂದು ಇಂತಹ ವೇಗವರ್ಧಕವಾಗಿ ದುಡಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಲಾದ 'ಪರಮ್ ಪ್ರವೇಗ' ಮಹಾಗಣಕದಲ್ಲಿಯೂ ಜಿ.ಪಿ.ಯು.ಗಳಿವೆ. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33ರ ಮುಂದೆ 14 ಸೊನ್ನೆ ಇಟ್ಟಷ್ಟು ಲೆಕ್ಕಗಳು. ಆದರೆ ನಮ್ಮ ಪ್ರೋಗ್ರಾಮಿಗೆ ಇದರಲ್ಲಿ ಎಷ್ಟು ದಕ್ಕೀತು? ಅದನ್ನು ಅಳೆದೇ ತಿಳಿಯಬೇಕು.

ಒಂದು ಲೆಕ್ಕ ಮಾಡೋಣ. ಅಡಿಕೆಯ ಕೆಲಸಕ್ಕೆ ಒಟ್ಟು 100 ನಿಮಿಷ ಹಿಡಿಯುತ್ತದೆನ್ನಿ. ಅದರಲ್ಲಿ ಸುಲಿಯುವುದಕ್ಕೆ 80. ಚೀಲ ಬಿಚ್ಚಿ, ಪಟೋರ, ಕರಿಗೋಟುಗಳನ್ನು ಹೆಕ್ಕುವುದಕ್ಕೆ 20. ನೆರೆಮನೆಯ ಯಂತ್ರ ಸುಲಿಯುವುದನ್ನು 20 ಪಟ್ಟು ಬೇಗ ಮಾಡುತ್ತದೆ: 4 ನಿಮಿಷ ಸಾಕು. ಆದರೆ ಅಲ್ಲಿಗೆ ಹೊತ್ತು ಮರಳಿ ತರಲು 6 ನಿಮಿಷ ಬೇಕು. ಎಲ್ಲವನ್ನೂ ಕೂಡಿದರೆ 30 ನಿಮಿಷ. ಯಂತ್ರದ ವೇಗ 20 ಪಟ್ಟು, ಮನೆಯವರಿಗೆ ಸಿಕ್ಕಿದ್ದು 3⅓ ಪಟ್ಟು! ಹೊರುವ ಶ್ರಮವನ್ನು ಅಳಿಸಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಲಿದು ಕೊಡುವ ಯಂತ್ರ ತಂದರೂ ಹೆಕ್ಕುವ 20 ನಿಮಿಷ ಉಳಿದೇ ಉಳಿಯುತ್ತದೆ. 5 ಪಟ್ಟು ದಾಟುವಂತಿಲ್ಲ. ಹಂಚಲಾಗದ ಭಾಗವೇ ಮಿತಿಯನ್ನು ಹಾಕುತ್ತದೆಂಬ ಈ ವಾದವನ್ನು ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟರು.

ಗಣಕದಲ್ಲಿ ಹೊರುವ ಕೆಲಸವೆಂದರೆ ಅಂಕೆಗಳನ್ನು ಮುಖ್ಯ ಸ್ಮೃತಿಯಿಂದ ವೇಗವರ್ಧಕದ ಸ್ಮೃತಿಗೆ ಸಾಗಿಸಿ, ಉತ್ತರವನ್ನು ಹಿಂದಕ್ಕೆ ತರುವುದು. ಇದನ್ನು ಬಿಟ್ಟು ಸಮಯ ಹೇಳುವವರು ಬಹಳ ಮಂದಿ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಮುಖ್ಯ ಸಂಸ್ಕಾರಕವು ಜಿ.ಪಿ.ಯು.ವಿಗೆ ಕೆಲಸ ಒಪ್ಪಿಸಿದೊಡನೆ, ಅದು ಮುಗಿಯುವುದನ್ನು ಕಾಯದೆ, ಸಾಮಾನ್ಯವಾಗಿ ತನ್ನ ಮುಂದಿನ ಕೆಲಸಕ್ಕೆ ಹೋಗುತ್ತದೆ. ಚೀಲವನ್ನು ಯಂತ್ರದ ಬಳಿ ಇಳಿಸಿ ಬಂದವನು ಅಂಗಳದಲ್ಲೇ ಗಡಿಯಾರ ನೋಡಿ "ಆಯಿತು" ಎಂದಂತೆ! ಆದುದರಿಂದ "ಮುಗಿಯಿತೇ?" ಎಂದು ಕೇಳಿ, ಹೌದೆಂಬ ಉತ್ತರ ಬಂದ ಮೇಲೆಯೇ ಗಡಿಯಾರವನ್ನು ನಿಲ್ಲಿಸಬೇಕು. ಮೊದಲ ಸಲ ಸಿದ್ಧತೆಗೇ ಹೆಚ್ಚು ಹೊತ್ತು ಹಿಡಿಯುವುದರಿಂದ ಹಲವು ಸಲ ಅಳೆಯುವುದು ವಾಡಿಕೆ.

ಹೋಲಿಕೆಯೂ ನ್ಯಾಯವಾಗಿರಬೇಕಷ್ಟೆ. ಹತ್ತಾರು ತಿರುಳುಗಳಿರುವ ಸಂಸ್ಕಾರಕದ ಒಂದೇ ತಿರುಳನ್ನು ಓಡಿಸಿ, ಅದರೆದುರು ಜಿ.ಪಿ.ಯು. ನೂರು ಪಟ್ಟು ವೇಗವೆಂದರೆ ಅದು ನಾಲ್ವರನ್ನು ಸುಮ್ಮನೆ ಕೂರಿಸಿ ಐದನೆಯವನೊಡನೆ ಹೂಡಿದ ಪಂದ್ಯ. 1993ರಿಂದ ವರ್ಷಕ್ಕೆರಡು ಸಲ ಹೊರಬರುವ 'ಟಾಪ್ 500' ಮಹಾಗಣಕಗಳ ಪಟ್ಟಿಯಲ್ಲಿ ಈ ಕಾರಣಕ್ಕೇ ಎರಡು ಅಂಕಣಗಳನ್ನು ಕಾಣುತ್ತೇವೆ: ಕಾಗದದ ಮೇಲಿನ ಗರಿಷ್ಠ ವೇಗ ಒಂದು, ಲಿನ್‌ಪ್ಯಾಕ್ ಎಂಬ ಲೆಕ್ಕವನ್ನು ನಿಜವಾಗಿ ಮಾಡಿಸಿ ಅಳೆದ ವೇಗ ಇನ್ನೊಂದು. ಎರಡನೆಯದು ಚಿಕ್ಕದು. ಯಂತ್ರಗಳಿಗೆ ಸ್ಥಾನ ಕೊಡುವುದು ಅದನ್ನು ನೋಡಿಯೇ.