ಹೆಸರಿನ ಹಿಂದಿರುವ ಅಂಕೆ

ತರಗತಿಯ ಹಾಜರಿ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಕ್ರಮಸಂಖ್ಯೆ ಇರುತ್ತದಷ್ಟೆ. ಪಟ್ಟಿಯ ನಡುವೆ ಹೊಸ ಹೆಸರೊಂದನ್ನು ಸೇರಿಸಿದರೆ ಅದರ ಕೆಳಗಿನವರೆಲ್ಲರ ಸಂಖ್ಯೆಯೂ ಒಂದೊಂದು ಹೆಚ್ಚುತ್ತದೆ. ಹಳೆಯ ಸಂಖ್ಯೆಯನ್ನು ಮಾತ್ರ ಬರೆದಿದ್ದ ಉತ್ತರಪತ್ರಿಕೆಗಳ ಗತಿಯೇನು? ಇಂಥದೇ ತೊಡಕು ಕಂಪ್ಯೂಟರಿನ ಅಂತರಂಗದಲ್ಲಿಯೂ ಉಂಟು.

ಕಂಪ್ಯೂಟರಿನ ಕೆಲಸಗಳೆಲ್ಲವನ್ನೂ ಆಳುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಬಹುಮಟ್ಟಿಗೆ ಸಿ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ‘ಎನಮ್’ ಎಂಬ ಏರ್ಪಾಡಿನಿಂದ ಹೆಸರುಗಳನ್ನು ಸಾಲಾಗಿ ಬರೆದರೆ, ನಾವು ಬೇರೆ ಬೆಲೆ ಸೂಚಿಸದ ಹೊರತು, ಅವಕ್ಕೆ 0, 1, 2 ಎಂದು ಬೆಲೆಗಳು ತಾವಾಗಿ ದೊರೆಯುತ್ತವೆ. ಇವೇ ಎಣಿಕೆಯ ಸ್ಥಿರಾಂಕಗಳು. ಓದುವವರಿಗೆ ಕಾಣುವುದು ಹೆಸರು. ಯಂತ್ರಕ್ಕೆ ತಿಳಿಯುವುದು ಅಂಕೆ ಮಾತ್ರ.

ಲಿನಕ್ಸ್ ತನ್ನ ಸ್ಥಿತಿಯನ್ನು ಇಂಥ ಪಟ್ಟಿಯೊಂದರಿಂದಲೇ ಗುರುತಿಸುತ್ತದೆ. ಅದರಲ್ಲಿ ‘ಬೂಟಿಂಗ್’, ಎಂದರೆ ಯಂತ್ರವು ಆರಂಭವಾಗುತ್ತಿರುವ ಸ್ಥಿತಿ, 0 ಆಗಿತ್ತು. ‘ರನ್ನಿಂಗ್’, ಎಂದರೆ ಪೂರ್ಣವಾಗಿ ನಡೆಯುತ್ತಿರುವ ಸ್ಥಿತಿ, 1 ಆಗಿತ್ತು. 2017ರಲ್ಲಿ ಇವೆರಡರ ನಡುವೆ ‘ಷೆಡ್ಯೂಲಿಂಗ್’ ಎಂಬ ಸ್ಥಿತಿಯನ್ನು ಸೇರಿಸಲಾಯಿತು. ಕೆಲಸಗಳಿಗೆ ಸರದಿ ಹಂಚುವ ಭಾಗವು ಎಚ್ಚೆತ್ತಿದ್ದರೂ ಉಳಿದ ಸಿದ್ಧತೆ ಮುಗಿಯದಿರುವ ಹಂತವಿದು. ರನ್ನಿಂಗ್ 2 ಆಯಿತು.

ಕರ್ನೆಲನ್ನೆಲ್ಲ ಹೊಸದಾಗಿ ಯಂತ್ರಭಾಷೆಗೆ ತಿರುಗಿಸುವುದರಿಂದ ಅಂಕೆ ಬದಲಾದುದಷ್ಟೇ ಕೇಡಲ್ಲ. ಅನೇಕ ಕಡೆಗಳಲ್ಲಿ ‘ಸ್ಥಿತಿಯು ಬೂಟಿಂಗ್‌ಗೆ ಸಮವೆ?’ ಎಂಬ ಪರೀಕ್ಷೆಯಿತ್ತು. ‘ಆರಂಭವಿನ್ನೂ ಮುಗಿದಿಲ್ಲವೆ?’ ಎಂಬುದೇ ಅದರ ಇಂಗಿತ. ಹೊಸ ಹಂತದಲ್ಲಿ ಆ ಪರೀಕ್ಷೆಗೆ ‘ಇಲ್ಲ’ ಎಂಬ ಉತ್ತರ ಬಂದು, ಅರೆಸಿದ್ಧ ಯಂತ್ರವನ್ನು ಪೂರ್ಣಸಿದ್ಧವೆಂದು ಭಾವಿಸಿದಂತಾಗುತ್ತಿತ್ತು. ವ್ಯಾಕರಣ ಸರಿಯಿರುವುದರಿಂದ ಕಂಪೈಲರ್ ಇದನ್ನು ತಪ್ಪೆನ್ನದು. ಆದುದರಿಂದ ಆ ಸಾಲುಗಳನ್ನು ಹುಡುಕಿ, ‘ಸ್ಥಿತಿಯು ರನ್ನಿಂಗ್‌ಗಿಂತ ಕಡಮೆಯೆ?’ ಎಂದು ತಿದ್ದಬೇಕಾಯಿತು.

ಈ ಪರಿಹಾರಕ್ಕೂ ಒಂದು ಬೆಲೆಯುಂಟು. ಈಗ ಪಟ್ಟಿಯ ಕ್ರಮವೇ ಅರ್ಥವನ್ನು ಹೊತ್ತಿದೆ. ಹೆಸರುಗಳನ್ನು ಹಿಂದುಮುಂದು ಮಾಡಿದರೆ ಹೋಲಿಕೆಗಳೆಲ್ಲ ಸುಳ್ಳಾಗುತ್ತವೆ. ಕ್ರಮವನ್ನು ಬದಲಿಸಕೂಡದೆಂಬ ಎಚ್ಚರಿಕೆಯನ್ನು ಆ ಪಟ್ಟಿಯ ಬಳಿಯಲ್ಲೇ ಬರೆದಿಟ್ಟಿರುವುದು ಇದಕ್ಕಾಗಿಯೇ.

ಹೊರಗಿನ ಪ್ರೋಗ್ರಾಮುಗಳು ಬಳಸುವ ಅಂಕೆಗಳ ವಿಷಯದಲ್ಲಂತೂ ತಿದ್ದುವ ಅವಕಾಶವೇ ಇಲ್ಲ. ಇಂಟೆಲ್ ಮಾದರಿಯ 64 ಬಿಟ್ ಲಿನಕ್ಸ್‌ನಲ್ಲಿ ಕಡತವನ್ನು ಓದುವ ಕೋರಿಕೆಗೆ 0, ಬರೆಯುವ ಕೋರಿಕೆಗೆ 1 ಎಂದು ನಿಗದಿಯಾಗಿದೆ. ಹಿಂದೆಯೇ ಸಿದ್ಧವಾದ ಪ್ರೋಗ್ರಾಮುಗಳು ಈ ಅಂಕೆಗಳನ್ನೇ ಹೊತ್ತಿವೆ. ಇವು ಪಲ್ಲಟವಾದರೆ, ಓದಲು ಹೊರಟ ಪ್ರೋಗ್ರಾಮು ಬರೆದುಬಿಟ್ಟೀತು! ಹೊಸ ಕೋರಿಕೆಗೆ ಹೊಸ ಅಂಕೆಯನ್ನೇ ಕೊಡುವುದು ಇದರಿಂದಲೇ.

ಹೆಸರನ್ನು ಸೇರಿಸುವುದು ಒಂದು ಸಾಲಿನ ಕೆಲಸ. ಅದರ ಅಂಕೆಯನ್ನೂ ಕ್ರಮವನ್ನೂ ಯಾರು ಯಾರು ನೆಚ್ಚಿದ್ದಾರೆಂದು ಹುಡುಕುವುದೇ ನಿಜವಾದ ಶ್ರಮ.