ಹೃದಯದ ಕವಾಟದ ಚಿಕಿತ್ಸೆ: ದಂಪತಿಗಳು ಅರಿತಿರಬೇಕಾದ ಸಂಗತಿಗಳು

ಕೊಡಗಿನಂತಹ ಏರುತಗ್ಗುಗಳ ನಾಡಿನಲ್ಲಿ ತೋಟದ ಏರನ್ನು ಹತ್ತುವಾಗ ಯಾರಿಗಾದರೂ ಏದುಸಿರು ಬರುವುದು ಸಹಜ. ಆದರೆ ಇಪ್ಪತ್ತೈದು ವರ್ಷದ ಗೃಹಿಣಿಯೊಬ್ಬಳು ಕಳೆದ ವರ್ಷ ನಿರಾಯಾಸವಾಗಿ ಹತ್ತುತ್ತಿದ್ದ ಏರಿನಲ್ಲಿ ಈ ವರ್ಷ ಎರಡು ಬಾರಿ ನಿಲ್ಲಬೇಕಾಗಿ ಬಂದರೆ, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕುಳಿತುಕೊಳ್ಳುವಂತಾದರೆ, ಅದನ್ನು ಬರಿಯ ನಿಶ್ಶಕ್ತಿಯೆಂದು ಬಗೆದು ಟಾನಿಕ್ ಕುಡಿಸಿ ಸುಮ್ಮನಿರಬಾರದು. ಅವಳ ಹೃದಯದ ಕವಾಟವು ಕಿರಿದಾಗಿರಬಹುದು.

ಈ ರೋಗದ ಮೂಲ ಸಾಮಾನ್ಯವಾಗಿ ಬಾಲ್ಯದ ಗಂಟಲು ನೋವಿನಲ್ಲಿರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಕಿಟಕಿ ಬಾಗಿಲು ಮುಚ್ಚಿದ ಲೈನ್ ಮನೆಯ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವಾಗ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವು ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹರಡುತ್ತದೆ. ಚಿಕಿತ್ಸೆ ದೊರೆಯದ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ತರುವಾಯ ಕೀಲುಗಳು ಬಾತು ಜ್ವರ ಬರುತ್ತದೆ. ಇದನ್ನು ವೈದ್ಯರು ರುಮ್ಯಾಟಿಕ್ ಜ್ವರವೆನ್ನುತ್ತಾರೆ. ಕೀಲುಗಳು ವಾಸಿಯಾಗುತ್ತವೆ, ಮನೆಯವರು ಮರೆತೂ ಬಿಡುತ್ತಾರೆ. ಆದರೆ ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟದ ಎಸಳುಗಳು ವರ್ಷಗಳ ಕಾಲ ನಿಧಾನವಾಗಿ ದಪ್ಪನಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುವ ಈ ದ್ವಾರವು ಒಂದೂವರೆಗಿಂತ ಕಿರಿದಾದರೆ ರೋಗವು ತೀವ್ರವಾಯಿತೆಂದು ತಿಳಿಯಬೇಕು. ಮುಂದೆ ಹೋಗಲಾರದ ರಕ್ತವು ಶ್ವಾಸಕೋಶಗಳಲ್ಲಿ ತಂಗುವುದರಿಂದಲೇ ಏದುಸಿರು.

ಗರ್ಭಿಣಿಯಲ್ಲಿ ರಕ್ತದ ಪ್ರಮಾಣವು ಸುಮಾರು 40ರಿಂದ 50 ಪ್ರತಿಶತದಷ್ಟು ಹೆಚ್ಚುತ್ತದೆ. ಅದುವರೆಗೆ ಯಾವ ತೊಂದರೆಯೂ ಕಾಣದಿದ್ದವಳು ಏಳನೆಯ ಎಂಟನೆಯ ತಿಂಗಳಲ್ಲಿ, ಇಲ್ಲವೇ ಹೆರಿಗೆಯ ವೇಳೆಯಲ್ಲಿ ಅಥವಾ ಹೆರಿಗೆಯಾದ ಕೂಡಲೇ, ಪ್ರಾಣಾಪಾಯಕ್ಕೆ ಸಿಲುಕುವುದು ಇದರಿಂದಲೇ. ಆದುದರಿಂದ ಸಂದೇಹವಿದ್ದರೆ ಗರ್ಭಧಾರಣೆಗೆ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ, ಅವರು ಹೇಳಿದಲ್ಲಿ ಎಕೋ ಪರೀಕ್ಷೆ ಮಾಡಿಸಿರಿ. ಪತಿಯೂ ಜೊತೆಯಲ್ಲಿ ಹೋಗುವುದು ಉಚಿತ.

ಹಿಂದೆ ಇಂತಹ ಕವಾಟವನ್ನು ಬಿಡಿಸಲು ಎದೆಯನ್ನು ತೆರೆಯಲೇಬೇಕಾಗಿತ್ತು. 1984ರಲ್ಲಿ ಜಪಾನಿನ ವೈದ್ಯ ಇನೂಯೆ ಅವರು ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಸೇರಿಸಿ ಕವಾಟವನ್ನು ಅಗಲಿಸುವ ವಿಧಾನವನ್ನು ಪ್ರಕಟಿಸಿದರು. ಇದು ಶಸ್ತ್ರಚಿಕಿತ್ಸೆಯಷ್ಟು ಫಲಕಾರಿಯೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ನೆರೆಯಲ್ಲಿಯೇ. ಹೈದರಾಬಾದಿನಲ್ಲಿ 60 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಬಲೂನನ್ನೂ ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ನೀಡಿ ಮೂರು ವರ್ಷ ಗಮನಿಸಲಾಯಿತು. ಬಲೂನಿನ ಗುಂಪಿನವರ ಕವಾಟವೇ ಹೆಚ್ಚು ಅಗಲವಾಗಿ ಉಳಿದಿತ್ತೆಂದು 1994ರಲ್ಲಿ ವರದಿಯಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಆ ಸಂಸ್ಥೆಯ ಶಾಖೆಯೊಂದು ಮೈಸೂರಿನಲ್ಲಿಯೂ ಇದೆ.

ಕವಾಟವು ತೀರ ಕೆಟ್ಟಿದ್ದರೆ ಮಾತ್ರ ಅದನ್ನು ತೆಗೆದು ಕೃತಕ ಕವಾಟವನ್ನು ಜೋಡಿಸಬೇಕಾಗುತ್ತದೆ. ವಿದೇಶದ ಕವಾಟಗಳು ನಮ್ಮ ಬಡವರ ಕೈಗೆಟುಕದಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಭಾರತೀಯ ಕವಾಟವೊಂದನ್ನು ರೂಪಿಸಲು ತೊಡಗಿದರು. ಕವಾಟವು ವರ್ಷಕ್ಕೆ ಸುಮಾರು 4 ಕೋಟಿ ಬಾರಿ ತೆರೆದು ಮುಚ್ಚಬೇಕು. ಸಾಧಾರಣ ಲೋಹವಾಗಲಿ ಪ್ಲಾಸ್ಟಿಕ್ ಆಗಲಿ ಇದನ್ನು ತಾಳದು. ಅವರ ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನಿಗೆ ಜೋಡಿಸಲಾಯಿತು. ಇಷ್ಟು ಸೋಲುಗಳನ್ನು ಸಹಿಸಿದ ತಾಳ್ಮೆ ವಿಜ್ಞಾನಿಗಳಲ್ಲಿಯೂ ಅಪರೂಪ.

ಕೃತಕ ಲೋಹದ ಕವಾಟವಿರುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಂತಹುದೇ ಗುಳಿಗೆಯನ್ನು ಜೀವನ ಪರ್ಯಂತ ಸೇವಿಸಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಮೆಯಾದರೆ ಹೆಪ್ಪು. ಅದಕ್ಕಾಗಿಯೇ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯನ್ನು ವೈದ್ಯರು ಹೇಳಿದ ದಿನದಂದು ತಪ್ಪದೆ ಮಾಡಿಸಬೇಕು. ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಗುಳಿಗೆಯ ಪ್ರಭಾವವನ್ನು ಕುಗ್ಗಿಸುತ್ತದೆ. ಸೊಪ್ಪನ್ನು ಬಿಡಬೇಕಾಗಿಲ್ಲ, ವಾರವೆಲ್ಲ ಮುಟ್ಟದೆ ಒಂದು ದಿನ ಕೆಸುವಿನ ಸೊಪ್ಪಿನ ಸಾರನ್ನು ಹೊಟ್ಟೆ ತುಂಬ ಉಣ್ಣುವುದನ್ನು ಬಿಡಬೇಕು. ಕಕ್ಕಡ ಮಾಸದಲ್ಲಿ ಮದ್ದುಸೊಪ್ಪಿನ ಪಾಯಸ ಸೇವಿಸುವ ರೂಢಿಯಿರುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಲೇಸು. ಪರೀಕ್ಷೆಯ ಕಾಟವಿಲ್ಲದ ಹೊಸ ಗುಳಿಗೆಗಳಿವೆಯೆಂದು ಕೇಳಿ ತಾವಾಗಿಯೇ ಬದಲಿಸಬೇಡಿರಿ. ರುಮ್ಯಾಟಿಕ್ ಹೃದ್ರೋಗದಿಂದ ಹೃದಯದ ಬಡಿತದ ಲಯ ತಪ್ಪಿದ್ದ ಸುಮಾರು 4,500 ಮಂದಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಗುಳಿಗೆ ಸೇವಿಸಿದವರಲ್ಲಿಯೇ ಸಾವು ಕಡಮೆಯಾಗಿತ್ತು.

ವಾರ್ಫರಿನ್ ಗರ್ಭದ ಆರಂಭದ ವಾರಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಅದನ್ನು ತಾನಾಗಿ ನಿಲ್ಲಿಸಿದರೆ ತಾಯಿಗೇ ಅಪಾಯ. ಮಗು ಬೇಕೆನ್ನುವ ದಂಪತಿಗಳು ಈ ಮಾತನ್ನು ಗರ್ಭಧಾರಣೆಗೆ ಮೊದಲೇ ವೈದ್ಯರೊಡನೆ ಆಡಬೇಕು. ಬೇಡವೆನ್ನುವವರೂ ತಿಳಿದಿರಲಿ: ಈಸ್ಟ್ರೊಜನ್ ಬೆರೆತ ಗುಳಿಗೆಗಳು ಇಂತಹ ಮಹಿಳೆಯರಿಗೆ ಸಲ್ಲವು. ಸಂತಾನ ಸಾಕೆಂದು ನಿರ್ಧರಿಸಿದಲ್ಲಿ ಪತಿಯು ಮಾಡಿಸಿಕೊಳ್ಳುವ ವ್ಯಾಸೆಕ್ಟಮಿಯೇ ಅತ್ಯಂತ ಸರಳವಾದುದು. ರೋಗಿಷ್ಠ ಹೃದಯದ ಮೇಲೆ ಮತ್ತೊಂದು ಭಾರವನ್ನು ಹೇರದಿರುವುದು ಅದೊಂದೇ ದಾರಿಯಲ್ಲದಿದ್ದರೂ ಒಳ್ಳೆಯ ದಾರಿ.

ಶಸ್ತ್ರಚಿಕಿತ್ಸೆಯ ಫಲವು ಶಸ್ತ್ರವೈದ್ಯರ ಕೈಚಳಕವೊಂದರಿಂದಲೇ ನಿರ್ಧಾರವಾಗುವುದಿಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಾದಿದ್ದ 279 ರೋಗಿಗಳಲ್ಲಿ ಕೆಲವರಿಗೆ ಕನಿಷ್ಠ ಎರಡು ವಾರ ಮೊದಲೇ ಉಸಿರಾಟದ ವ್ಯಾಯಾಮವನ್ನು ಕಲಿಸಲಾಯಿತು. 2006ರ ವರದಿಯಂತೆ, ಕಲಿಯದವರಲ್ಲಿ ನೂರಕ್ಕೆ 16 ಮಂದಿಗೆ ನ್ಯುಮೋನಿಯಾ ಬಂದರೆ ಕಲಿತವರಲ್ಲಿ 6 ಅಥವಾ 7 ಮಂದಿಗೆ ಮಾತ್ರ ಬಂತು. ದಿನಾಂಕ ನಿಗದಿಯಾದೊಡನೆ ಆಸ್ಪತ್ರೆಯವರನ್ನು ಕೇಳಿ ಇಂತಹ ವ್ಯಾಯಾಮವನ್ನು ಆರಂಭಿಸಿರಿ. ಬೀಡಿ ಸೇದುವ ಪತಿ ಮನೆಯೊಳಗೆ ಸೇದುವುದನ್ನಾದರೂ ಅಂದೇ ನಿಲ್ಲಿಸಲಿ. ಹುಳುಕು ಹಲ್ಲಿದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಅಗತ್ಯ; ಬಾಯಿಯ ರೋಗಾಣುಗಳು ರಕ್ತದೊಡನೆ ಹೊಸ ಕವಾಟಕ್ಕೆ ಹೋಗಿ ನೆಲೆಸಬಲ್ಲವು.

ಹಣದ ಚಿಂತೆಯಿಂದ ಚಿಕಿತ್ಸೆಯನ್ನು ಮುಂದೂಡಬೇಡಿರಿ. ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯ ವಿವರವನ್ನು ಆಶಾ ಕಾರ್ಯಕರ್ತೆಯಿಂದ ತಿಳಿಯಿರಿ. ಹೋಗುವಾಗ ಪಡಿತರ ಚೀಟಿ ಮತ್ತು ಆಧಾರ್ ಚೀಟಿ ಜೊತೆಯಲ್ಲಿರಲಿ.

ಚಿಕಿತ್ಸೆ ಮುಗಿದ ಮೇಲೂ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳುವವರೆಗೆ ಮುಂದುವರಿಸಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಕೊಡಗಿನ ಅನೇಕ ರಸ್ತೆಗಳು ಮುಚ್ಚಿಹೋದುದು ತಮಗೆ ನೆನಪಿರಬಹುದು. ಆದುದರಿಂದ ಜೂನ್ ತಿಂಗಳ ಮೊದಲೇ ರಕ್ತ ಪರೀಕ್ಷೆಯನ್ನು ಮುಗಿಸಿ, ವೈದ್ಯರ ಅನುಮತಿ ಪಡೆದು ಎರಡು ತಿಂಗಳಿಗೆ ಸಾಲುವಷ್ಟು ಗುಳಿಗೆಗಳನ್ನು ತೇವ ತಾಗದ ಡಬ್ಬಿಯಲ್ಲಿ ತಂದಿಟ್ಟುಕೊಳ್ಳಿರಿ.